ದ್ವಿಚಕ್ರ ಗಸ್ತು ಮೀಮಾಂಸೆ

ಲಕ್ಷಣ: ಮೈಸೂರಿನ ಬಡಾವಣೆಗಳಲ್ಲಿ ರಾತ್ರಿ ಹನ್ನೊಂದರ ಮೇಲೆ ಮಂಕಿಕ್ಯಾಪು ತೊಟ್ಟು, ಕೊರಳಿಗೆ ಸೀಟಿ ಕಟ್ಟಿಕೊಂಡು, ಸೈಕಲ್ಲೇರಿ ಸಂಚರಿಸುವ ಜೀವಿಗೆ ‘ಸ್ವಯಂಸೇವಕ’ನೆಂದು ಹೆಸರು. ಈತ ಬಹುಮಟ್ಟಿಗೆ ಬ್ಯಾಂಕಿನಿಂದ ನಿವೃತ್ತನಾದವನು. ಸಕ್ಕರೆ ಕಾಯಿಲೆಗೆ ಡಾಕ್ಟರು ಹೇಳಿದ ವ್ಯಾಯಾಮವನ್ನೂ ಸಮಾಜಸೇವೆಯನ್ನೂ ಒಂದೇ ಪೆಡಲಿನಲ್ಲಿ ತುಳಿಯುವವನು.

ಪ್ರಮಾಣ: ರಾತ್ರಿ ಸಂಚಾರದ ವಿಷಯದಲ್ಲಿ ಮಾತಾಡಲು ಮೈಸೂರಿನವರಿಗೆ ವಿಶೇಷ ಅಧಿಕಾರವುಂಟು. ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ತಾಳೆಗರಿಯಿಂದ ಎತ್ತಿ 1909ರಲ್ಲಿ ಅಚ್ಚಿಗೆ ತಂದವರು ಇಲ್ಲಿಯ ಆರ್. ಶಾಮಶಾಸ್ತ್ರಿಗಳು. ಅದರ ಎರಡನೆಯ ಅಧಿಕರಣದ ಪ್ರಕಾರ, ರಾತ್ರಿಯ ತೂರ್ಯ ಮೊಳಗಿದ ಮೇಲೆ ಅರಮನೆಯ ಆಸುಪಾಸು ತಿರುಗಾಡಿದವನಿಗೆ ಒಂದೂಕಾಲು ಪಣ ದಂಡ. ನಡುರಾತ್ರಿಯಾದರೆ ಅದರ ಎರಡರಷ್ಟು. ಹೆರಿಗೆಗೆ ಹೊರಟವರು, ಹೆಣ ಹೊತ್ತವರು, ಆಟ ನೋಡಹೊರಟವರು, ಕೈಯಲ್ಲಿ ದೀಪ ಹಿಡಿದವರು ಮೊದಲಾದವರಿಗೆ ವಿನಾಯಿತಿ. ಆದ್ದರಿಂದ ಸೆಕೆಂಡ್ ಷೋ ಮುಗಿಸಿ ಬರುವ ಹುಡುಗರನ್ನು ಅಡ್ಡಗಟ್ಟಿ ‘ಯಾರ ಮಗನೋ ನೀನು?’ ಎನ್ನುವುದು ಕೌಟಿಲ್ಯನಿಗೆ ಸಮ್ಮತವಲ್ಲ. ಟಾರ್ಚು ಹಿಡಿದ ಸ್ವಯಂಸೇವಕನೇನೋ ದೀಪದ ಲೆಕ್ಕದಲ್ಲಿ ಪಾರಾಗುತ್ತಾನೆ. ಮೊಬೈಲಿನ ಟಾರ್ಚು ಹಚ್ಚಿದ ಕಳ್ಳನೂ ಪಾರಾಗುತ್ತಾನೆಂಬ ಅತಿವ್ಯಾಪ್ತಿ ದೋಷವನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸತಕ್ಕದ್ದು.

ವಾಹನ ವಿಚಾರ: 1817ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಓಡಿಸಿ ತೋರಿಸಿದ ದ್ವಿಚಕ್ರಕ್ಕೆ ಪೆಡಲೂ ಇರಲಿಲ್ಲ, ಚೈನೂ ಇರಲಿಲ್ಲ, ನೆಲಕ್ಕೆ ಕಾಲು ಕೊಟ್ಟು ತಳ್ಳಿಕೊಂಡು ಹೋಗಬೇಕಿತ್ತು. ಚೈನು ಕಳಚಿದ ಕೂಡಲೇ ನಮ್ಮ ಸ್ವಯಂಸೇವಕರು ಈ ಮೂಲ ಪಾಠಕ್ಕೆ ಮರಳುತ್ತಾರೆ. ಒಂದು ಕಾಲದಲ್ಲಿ ದೀಪವಿಲ್ಲದೆ, ಡಬಲ್ ರೈಡಿನಲ್ಲಿ ಸಿಕ್ಕಿಬಿದ್ದ ಸೈಕಲ್ಲಿನ ಗಾಳಿಯನ್ನು ಪೊಲೀಸರೇ ಬಿಡುತ್ತಿದ್ದರು. ಅದೇ ಆರೋಪಿ ಈಗ ಪೊಲೀಸರ ಪಕ್ಷ ಸೇರಿರುವುದು ರಾಜಕೀಯಶಾಸ್ತ್ರಜ್ಞರಿಗೆ ಹೊಸದೇನಲ್ಲ.

ಪೂರ್ವಪಕ್ಷ: ಸೀಟಿ ಊದುತ್ತ, ಬೆಲ್ಲು ಬಾರಿಸುತ್ತ ಬಂದರೆ ಕಳ್ಳನಿಗೆ ಮೊದಲೇ ಗೊತ್ತಾಗುವುದಿಲ್ಲವೇ?

ಸಿದ್ಧಾಂತ: ಗೊತ್ತಾಗಲೆಂದೇ ಊದುವುದು. ಎರಡನೇ ಕ್ರಾಸಿನಲ್ಲಿ ಸೀಟಿ ಕೇಳಿದರೆ ಕಳ್ಳ ಐದನೇ ಕ್ರಾಸಿಗೆ ಸರಿಯುತ್ತಾನೆ. ಐದಕ್ಕೆ ಬಂದರೆ ಎರಡಕ್ಕೆ ಮರಳುತ್ತಾನೆ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಡ್ಡಿಯಾಗದಂಥ ಇಷ್ಟು ನಾಜೂಕಾದ ಏರ್ಪಾಡು ಸರ್ಕಾರಿ ಇಲಾಖೆಗಳ ನಡುವೆಯೂ ದುರ್ಲಭ. ಇಬ್ಬರನ್ನೂ ಭೇದವೆಣಿಸದೆ ಅಟ್ಟಿಸಿಕೊಂಡು ಹೋಗುವ ಬೀದಿನಾಯಿಯೊಂದೇ ಇಲ್ಲಿ ನಿಷ್ಪಕ್ಷಪಾತಿ.

ಆಕ್ಷೇಪ: ಕಳ್ಳ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದು, ಸೀಟಿ ಕೇಳಿಸದೆ, ಎದುರಾಗಿಯೇಬಿಟ್ಟರೆ?

ಸಮಾಧಾನ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮು ಇದಕ್ಕೆ ಉತ್ತರ ಹೇಳುತ್ತದೆ. ಕಣ್ಣೆದುರೇ ಜಾಮೀನಿಲ್ಲದ, ಸಂಜ್ಞೇಯ ಅಪರಾಧ ಮಾಡಿದವನನ್ನು ಸಾಮಾನ್ಯ ನಾಗರಿಕನೂ ಹಿಡಿಯಬಹುದು. ಆದರೆ ವಿಳಂಬ ಮಾಡದೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹಿಡಿದವನನ್ನು ಯಾರ ಮನೆಯ ಜಗಲಿಯಲ್ಲಿ ಕೂರಿಸುವುದು, ಅವನಿಗೆ ಕಾಫಿ ಕೊಡುವುದೋ ಬೇಡವೋ, ಕೊಟ್ಟರೆ ಖರ್ಚನ್ನು ಯಾವ ಬಾಬ್ತಿಗೆ ಹಾಕುವುದು ಎಂಬುದನ್ನೆಲ್ಲ ಕ್ಷೇಮಾಭಿವೃದ್ಧಿ ಸಂಘದ ಕಾರ್ಯಕಾರಿ ಸಮಿತಿ ತೀರ್ಮಾನಿಸಬೇಕು. ಆ ಸಮಿತಿಗೆ ಆರು ಗಂಟೆಯೊಳಗೆ ಕೋರಂ ತುಂಬಿದ ಚರಿತ್ರೆಯೇ ಇಲ್ಲ. ಆದ್ದರಿಂದ ಕಳ್ಳನನ್ನು ಹಿಡಿದರೆ ಕಾನೂನು ಭಂಗ. ಹಿಡಿಯದಿರುವುದೇ ಶಾಸ್ತ್ರಸಮ್ಮತವೂ ಶಾಸನಸಮ್ಮತವೂ ಆದ ಮಾರ್ಗವೆಂದು ಸಿದ್ಧವಾಯಿತು.