ಕಳ್ಳ ಬರಲಿಲ್ಲ, ಪೊಲೀಸರು ಬಂದ್ರು

(ಯಮಕನಮರಡಿ. ನಡುರಾತ್ರಿ. ಬಂಗಾರದಂಗಡಿಯ ಸೈರನ್ ಇನ್ನೂ ಒದರಾಕತ್ತೈತಿ.)

ಹವಾಲ್ದಾರ: ಮತ್ತ ಸುಳ್ಳ ಅಲಾರಾಂ! ಕಳ್ಳ ಎಲ್ಲ್ಯದಾನ್ರಿ, ಸಾವಕಾರ್ರ?

ಸಾವಕಾರ: ಕಳ್ಳ ಅಲ್ರೀ ಸಾಹೇಬ್ರ, ಹೆಗ್ಗಣ. ಸೆನ್ಸಾರಿಗೆ ಭೇದಭಾವ ಇಲ್ಲ.

ಹವಾಲ್ದಾರ: ಅಮೆರಿಕಾದಾಗ ಎಷ್ಟೋ ಊರಾಗ ಇಂಥ ಸುಳ್ಳ ಅಲಾರಾಂಗೆ ದಂಡ ಹಾಕ್ತಾರ.

ಸಾವಕಾರ: ನಮ್ಮಲ್ಲಿ?

ಹವಾಲ್ದಾರ: 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಐತಿ. ಒಂದ ಸಲಕ್ಕ 100 ಮಂದಿ, ಇಲ್ಲಾ ದಿನಕ್ಕ 500 ಮಂದಿ ಸೇರೋ ಜಾಗಾದಾಗ ಕ್ಯಾಮೆರಾ ಹಚ್ಚಬೇಕು, 30 ದಿನದ ಚಿತ್ರ ಇಟ್ಟಿರಬೇಕು. ಹೆಗ್ಗಣದ ಕಲಂ ಇಲ್ಲ.

ಸಾವಕಾರ: ನಮ್ಮಂಗಡಿಗೆ 100 ಮಂದಿ ಕೂಡೂದು ಸೈರನ್ ಹೊಡದಾಗಷ್ಟ!

ಹವಾಲ್ದಾರ: ಇವತ್ತ ಅವ್ರೂ ಬಂದಿಲ್ಲ. ಓಣಿಗೆ ರೂಢಿ ಆಗೇತಿ.

ಸಾವಕಾರ: ಖರೇ ಕಳ್ಳ ಬಂದ್ರ?

ಹವಾಲ್ದಾರ: 112ಕ್ಕ ಫೋನ್ ಹಚ್ಚ್ರಿ. ಮೊದಲ ಸೆನ್ಸಾರ್ ರಿಪೇರಿ ಮಾಡಸ್ರಿ, ಒಂದ ಇಲಿಬೋನು ತರ್ರಿ. ಅದಕ್ಕ ಲೈಸೆನ್ಸ್ ಬೇಕಾಗೂದಿಲ್ಲ.