ಗಲೀಜಿನ ಮೂಲ

ನದೀಮೂಲ, ಋಷಿಮೂಲ ಕೆದಕಬಾರದಂತೆ. ಬೈಗುಳದ ಮೂಲಕ್ಕೆ ಯಾರೂ ಅಂಥ ಕಟ್ಟಳೆ ಹಾಕಿಲ್ಲ. ಪ್ರಜಾವಾಣಿಯಲ್ಲಿ ಜಿ. ವೆಂಕಟಸುಬ್ಬಯ್ಯನವರ 'ಇಗೋ ಕನ್ನಡ' ಬರುತ್ತಿದ್ದ ಕಾಲದಿಂದಲೂ ನನಗೆ ಈ ಕೆದಕುವ ಚಟ.

ತುರುವೇಕೆರೆ ಸೀಮೆಯ ನಮ್ಮ ದೊಡ್ಡಮ್ಮನಿಗೆ ಕೊಟ್ಟಿಗೆ ಗಲೀಜು, ಬಚ್ಚಲು ಗಲೀಜು, ತೋಟದ ಬದು ಒತ್ತರಿಸಿದ ಮೈದುನ ಮಹಾ ಗಲೀಜು. ಪದ ಮಾತ್ರ ನಮ್ಮ ಸೀಮೆಯದಲ್ಲ. ಅರಬ್ಬಿಯಲ್ಲಿ 'ಗಲೀಜ್' ಅಂದರೆ ದಪ್ಪ, ಗಟ್ಟಿ, ಒರಟು. ಪಾರಸಿ, ಉರ್ದುಗಳನ್ನು ಹಾದು ಬರುವಷ್ಟರಲ್ಲಿ ಮೈತುಂಬ ಕೆಸರು ಮಾಡಿಕೊಂಡಿತು. ಮೂಲಾರ್ಥವನ್ನೇ ಹಿಡಿದರೆ, ಒತ್ತುಶಾವಿಗೆಗೆ ಸುರಿದುಕೊಳ್ಳುವ ಮೊದಲ ಹಿಂಡಿನ ಕಾಯಿಹಾಲಿನಷ್ಟು ಗಲೀಜು ಪದಾರ್ಥ ನಮ್ಮಲ್ಲಿ ಇನ್ನೊಂದಿಲ್ಲ! ಊಟಕ್ಕೆ ಕೂತಾಗ ಈ ಸಂಶೋಧನೆಯನ್ನು ಮಂಡಿಸಿದೆ.

"ಕಾಯಾಲ್ನ ಗಲೀಜು ಅಂತೀಯೇನ್ಲಾ? ಓದಿ ಕೆಟ್ಟೆ ಕಣೋ," ಎಂದು ದೊಡ್ಡಮ್ಮ ನನಗೆ ಮೂರನೇ ಹಿಂಡಿನ ನೀರು ಬಡಿಸಿದಳು.

ಅಚ್ಚಗನ್ನಡದ ಬೈಗುಳವೇ ಬೇಕೆಂದರೆ 'ಕೊಳಕು' ಇದೆ. ಬಟ್ಟೆಗೆ ಹತ್ತಿದರೆ ಕೊಳೆ, ಕಾಯಿ ಕೆಟ್ಟರೆ ಕೊಳೆತದ್ದು, ಮನುಷ್ಯ ಕೆಟ್ಟರೆ ಕೊಳಕ. ಪಾಪ, ಕೊಳಕುಮಂಡಲಕ್ಕೆ ಯಾಕೆ ಆ ಹೆಸರೋ! ಬೆನ್ನ ಮೇಲೆ ಸರಪಳಿ ಚಿತ್ತಾರ ಬರೆಸಿಕೊಂಡು ಒಣಗಿದ ಗರಿಗಳ ಕೆಳಗೆ ಅಚ್ಚುಕಟ್ಟಾಗಿ ಮಲಗಿರುತ್ತದೆ. ಅದು ಕಚ್ಚಿದರೆ ಮಾಂಸ ಕೊಳೆಯುವುದುಂಟು. ಕೊಳೆಯುವುದು ನಮ್ಮ ಕಾಲು, ಕೊಳಕು ಅನ್ನಿಸಿಕೊಂಡದ್ದು ಹಾವು.

ತಿಪಟೂರಿನ ಉಂಡೆಕೊಬ್ಬರಿಗೂ ಕೊಳೆಗೂ ಬಿಡದ ನಂಟು. ಕಾಯಿಯನ್ನು ಸಿಪ್ಪೆಸಮೇತ 10–12 ತಿಂಗಳು ಅಟ್ಟದ ಮೇಲೆ ಬಿಡಬೇಕು. ಒಳಗಿನ ನೀರು ಆರಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅಂದರೆ ಕೊಬ್ಬರಿ. ಒಂದೆರಡು ಕಾಯಿ ಮಾತ್ರ ಗುಟ್ಟಾಗಿ ಕೊಳೆತು, ಸಮಯ ಕಾದು ತೊಟ್ಟಿಕ್ಕುತ್ತವೆ.

ದೊಡ್ಡಮ್ಮನ ಮಗಳನ್ನು ನೋಡಲು ಚಿಕ್ಕನಾಯಕನಹಳ್ಳಿ ಕಡೆಯವರು ಬಂದ ದಿನ ಅಂಥದೊಂದು ಕಾಯಿಗೆ ಮುಹೂರ್ತ ಬಂತು. ಅದರ ರಸ ನೇರ ಹುಡುಗನ ಅಪ್ಪನ ಬೋಳುತಲೆಯ ಮೇಲೆ. ಆ ವಾಸನೆಗೆ ಯಾವ ಭಾಷೆಯಲ್ಲೂ ಪದವಿಲ್ಲ. ದೊಡ್ಡಮ್ಮನ ಬಾಯಲ್ಲೂ ಅವತ್ತು 'ಗಲೀಜು' ಬರಲಿಲ್ಲ, ಉಸಿರೇ ಬರಲಿಲ್ಲ. ಅವರು ಟವೆಲಿನಿಂದ ತಲೆ ಒರೆಸಿಕೊಂಡರು, ಮೂಸಿದರು, ನಿಧಾನವಾಗಿ ಅಟ್ಟದ ಕಡೆ ಕತ್ತೆತ್ತಿದರು.

"ಮೇಲೆ ಎಷ್ಟು ಸಾವಿರ ಇದಾವಮ್ಮ?"

ದೊಡ್ಡಮ್ಮ ಲೆಕ್ಕ ಹೇಳಿದಳು. ಮುಂದಿನ ಶುಕ್ರವಾರವೇ ವೀಳ್ಯಶಾಸ್ತ್ರ.