ಹದಿನೈದು ಸಾವಿರದ ಫ್ಲಿಪ್‌ಕಾರ್ಟ್

ದಾವಣಗೆರೆ ಚೌಕಿಪೇಟೆಯ ಬಟ್ಟೆ ಅಂಗಡಿ ಸಾವುಕಾರರಿಗೆ ನಮಸ್ಕಾರಗಳು.

ನಿಮ್ಮ ಹೊಸ ಶೋರೂಮಿನ ಖರ್ಚಿನ ಪಟ್ಟಿ ನೋಡಿ ಧನ್ಯನಾದೆ. ಮುಂಬಾಗಿಲ ಗಾಜು, ಎಸಿ, ಸೀರೆ ಉಡಿಸುವ ಗೊಂಬೆಗಳು, ಬೈಪಾಸಿನವರೆಗೆ ಫ್ಲೆಕ್ಸು, ರಿಬ್ಬನ್ ಕತ್ತರಿಸಲು ಬರುವ ಧಾರಾವಾಹಿ ನಟಿಯ ಸಂಭಾವನೆ, ಬಂದವರಿಗೆಲ್ಲ ಊಟ. ಒಂದೊಂದಕ್ಕೂ ಒಂದೊಂದು ಸಾಲು. ಕಟ್ಟಕಡೆಗೆ ‘ಇತರೆ’ ಅಂತ ಬರೆದು ಅದರೊಳಗೆ ಬೂದುಗುಂಬಳಕಾಯಿ, ನಿಂಬೆಹಣ್ಣು, ವೆಬ್‌ಸೈಟು. ಮೂರೂ ಸೇರಿ 15,000 ರೂಪಾಯಿ. ಕುಂಬಳಕಾಯಿಯ ಪಾಲು ಕಳೆದು ನನಗೆಷ್ಟು ಉಳಿಯುತ್ತದೆ ಎಂದು ಕೇಳುವಷ್ಟು ಅಧಿಕಪ್ರಸಂಗಿ ನಾನಲ್ಲ.

‘ಜಾಸ್ತಿ ಏನೂ ಬ್ಯಾಡ ತಮ್ಮಾ, ಫ್ಲಿಪ್‌ಕಾರ್ಟ್ ಥರ ಇದ್ರೆ ಸಾಕು’ ಎಂದಿರಿ. ಆ ಫ್ಲಿಪ್‌ಕಾರ್ಟನ್ನು ಬನ್ಸಲ್ ಹೆಸರಿನ ಇಬ್ಬರು ಎಂಜಿನಿಯರುಗಳು 2007ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ್ದು ಪುಸ್ತಕ ಮಾರುವುದಕ್ಕೆ ಮಾತ್ರ. ಕೋಡ್ ಬರೆಯುವುದು ಅವರಿಗೇ ಗೊತ್ತಿತ್ತು, ಹಾಗಾಗಿ ನನ್ನಂಥವನ ಕೂಲಿ ಉಳಿಯಿತು. 2018ರಲ್ಲಿ ವಾಲ್‌ಮಾರ್ಟ್ ಕಂಪನಿ ಅದರ ಶೇ. 77ರಷ್ಟು ಪಾಲಿಗೆ 1,600 ಕೋಟಿ ಡಾಲರ್ ಸುರಿಯಿತು. ಪಾಪ, ಅಮೆರಿಕದವರಿಗೆ ನಿಮ್ಮ ‘ಇತರೆ’ ಬಾಬ್ತಿನ ಪರಿಚಯ ಇರಲಿಲ್ಲ.

ಲೆಕ್ಕ ನಿಮಗೆ ಗೊತ್ತಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಇಳಕಲ್ ಸೀರೆಗೆ ಇಷ್ಟ್ಯಾಕೆ ರೇಟು ಎಂದ ಗಿರಾಕಿಯನ್ನು ಗಾದಿಯ ಮೇಲೆ ಕೂರಿಸಿಕೊಂಡು, ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸಬೇಕು, ಅದಕ್ಕೆ ಕೂಲಿ ಬೀಳುತ್ತದೆ ಎಂದು ನೀವು ಪಾಠ ಹೇಳಿದ್ದನ್ನು ಇದೇ ಕಿವಿಯಲ್ಲಿ ಕೇಳಿದ್ದೇನೆ. ಅವರು ಎದ್ದು ಹೋದ ಮೇಲೆ ನನ್ನ ಕಡೆ ತಿರುಗಿ, ‘ಎರಡು ದಿನದ ಕೆಲಸಕ್ಕೆ ಅಷ್ಟ್ಯಾಕೋ?’ ಎಂದಿರಿ.

ಎರಡು ದಿನ ಬೇಕಾದದ್ದು ನೀವು ಕಳಿಸಿದ ಫೋಟೋ ನೋಡಿ ಮುಗಿಸಲಿಕ್ಕೆ. ಟ್ಯೂಬ್‌ಲೈಟಿನ ಕೆಳಗೆ ತೆಗೆದು, ವಾಟ್ಸ್‌ಆ್ಯಪಿನಲ್ಲಿ ಹಿಂಡಿ ಕಳಿಸಿದ ಆ ಚಿತ್ರಗಳಲ್ಲಿ ಕುಂಕುಮದ ಬಣ್ಣವೂ ಬದನೆಯ ಬಣ್ಣವೂ ಒಂದೇ. ಹುಬ್ಬಳ್ಳಿಯ ಗಿರಾಕಿ ಕುಂಕುಮ ಬಣ್ಣ ಅಂತ ತರಿಸಿಕೊಂಡು ಬದನೆ ಬಣ್ಣ ಕಂಡು ವಾಪಸ್ ಕಳಿಸಿದರೆ ಹೋಗುವ, ಬರುವ ಎರಡೂ ಕೊರಿಯರ್ ಖರ್ಚು ನಿಮ್ಮ ತಲೆಗೇ. ಒಳ್ಳೆಯ ಫೋಟೋಗಾರನಿಗೆ ಇಟ್ಟ ದುಡ್ಡು ಅಲ್ಲಿ ಉಳಿಯುತ್ತದೆ. ಇನ್ನು ಬರಹ. ನೀವು ಕೊಟ್ಟ ಕರಪತ್ರ ಹಳೆಯ ನುಡಿ ಫಾಂಟಿನದು. ವೆಬ್‌ಸೈಟಿಗೆ ಅಂಟಿಸಿದರೆ ನಿಮ್ಮ ತಂದೆಯವರ ಹೆಸರು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ. ಯೂನಿಕೋಡಿಗೆ ಬದಲಿಸಿ, ಒತ್ತಕ್ಷರ ತಿದ್ದಿ, ಒಂದೊಂದು ಸೀರೆಗೂ ಉದ್ದ, ಅಂಚು, ರವಿಕೆ ಕಣದ ವಿವರ ಬರೆಯುವವರು ಯಾರು? ‘ನೀನೇ ಒಂದಿಷ್ಟು ಬರ್ಕೊಳ್ಳಪ್ಪ’ ಎಂದಿದ್ದೀರಿ. ಬರೆದೆ. ನನಗೆ ಗೊತ್ತಿರುವುದು ಲುಂಗಿಯ ಉದ್ದ ಮಾತ್ರ.

‘ಬೋರ್ಡು ಒಂದ್ಸಲ ಬರೆಸಿದ ಮೇಲೆ ಮುಗೀತಲ್ಲ, ವರ್ಷ ವರ್ಷ ಯಾಕೆ ದುಡ್ಡು?’ ಎಂಬ ನಿಮ್ಮ ಪ್ರಶ್ನೆಗೆ: ಡೊಮೈನ್ ಹೆಸರು ಯಾರಿಗೂ ಕ್ರಯವಾಗುವುದಿಲ್ಲ, ಬಾಡಿಗೆಗಷ್ಟೇ. ಜಾಹೀರಾತಿನಲ್ಲಿ ಕಂಡ ಅಗ್ಗದ ದರ ಸಾಮಾನ್ಯವಾಗಿ ಮೊದಲ ವರ್ಷದ್ದು. ಎರಡನೇ ವರ್ಷದ ಬಿಲ್ಲು ಬೇರೆ. ಹೋಸ್ಟಿಂಗೂ ಹಾಗೆಯೇ. ಕಾರ್ಡಿನಲ್ಲಿ ದುಡ್ಡು ಬಂದರೆ ಪೇಮೆಂಟ್ ಗೇಟ್‌ವೇ ನೂರಕ್ಕೆ ಸುಮಾರು ಎರಡು ರೂಪಾಯಿ ಮುರಿದುಕೊಳ್ಳುತ್ತದೆ, ಆ ಎರಡರ ಮೇಲೆ ಶೇ. 18 ಜಿಎಸ್‌ಟಿ. ಬೀಗದ ಗುರುತಿನ ಎಸ್‌ಎಸ್‌ಎಲ್ ಮಾತ್ರ ಪುಕ್ಕಟೆ ಸಿಗುತ್ತದೆ. ಅದಕ್ಕೂ ಬಿಲ್ಲು ಹಾಕುವವರಿದ್ದಾರೆ, ಹುಷಾರು.

ನನ್ನ ಮಾತು ಕೇಳಿ. ಅಂಗಡಿಯಲ್ಲಿರುವುದೆಲ್ಲ ಬೇಡ, ಮೊದಲು 40 ಸೀರೆ. ಹಗಲು ಬೆಳಕಿನ ಫೋಟೋ, ಕನ್ನಡ ವಿವರ, ನಿಮ್ಮ ನಂಬರು. ವರ್ಷದ ಖರ್ಚನ್ನು ಬಾಡಿಗೆ, ಕರೆಂಟಿನ ಪಕ್ಕದಲ್ಲೇ ಬರೆದಿಡಿ. ಇಷ್ಟಕ್ಕೆಲ್ಲ ನಟಿಯ ಸಂಭಾವನೆಯಲ್ಲಿ ಅರ್ಧ ಸಾಕು. ಆಕೆ ಒಂದು ಗಂಟೆ ಇರುತ್ತಾಳೆ, ಅದೂ ತಡವಾಗಿ ಬಂದು.

ಇಂತಿ ನಿಮ್ಮ,
ವೆಬ್‌ಸೈಟ್ ಹುಡುಗ

ತಾ.ಕ.: ಡೊಮೈನನ್ನು ನಿಮ್ಮ ಅಕ್ಕನ ಮಗ ತನ್ನ ಹೆಸರಿಗೆ, ತನ್ನ ಇಮೇಲಿಗೆ ಮಾಡಿಸಿಟ್ಟು ಕೆನಡಾಕ್ಕೆ ಹೋಗಿದ್ದಾನಂತೆ. ಓಟಿಪಿ ಅವನಿಗೇ ಹೋಗುತ್ತಿದೆ. ಮೊದಲು ಅವನಿಗೊಂದು ಫೋನ್ ಮಾಡಿ, ಸ್ವಲ್ಪ ಪ್ರೀತಿಯಿಂದ.